ಮನ್ನಣೆಯೂ ವಿಧೇಯತೆಯೂ: ಕ್ರೈಸ್ತೋಪದೇಶದ ಒಂದು ಭೇದ ಮತ್ತು ಹೊಯ್ಸಳ ಕಾಲದ ಎರಡು ಸಾಕ್ಷ್ಯಗಳು

ಅರಸೀಕೆರೆಗೆ ಸಮೀಪದ ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವು ಸುಮಾರು 1235ರಲ್ಲಿ ಪೆದ್ದಣ್ಣ ಹೆಗ್ಗಡೆಯೂ ಅವನ ಸೋದರರೂ ಕಟ್ಟಿಸಿದುದು. ಹೊಯ್ಸಳ ಶಿಲ್ಪವನ್ನು ಕುರಿತು ಬರೆದವರು ಅದರ ಭಿತ್ತಿಗಳ ಪಟ್ಟಿಕೆಗಳನ್ನು ಸಾಕಷ್ಟು ವರ್ಣಿಸಿದ್ದಾರೆ. ಪ್ರಕೃತ ವಿಚಾರಕ್ಕೆ ಬೇಕಾದುದು ಶಿಲ್ಪವಲ್ಲ, ಗುಡಿಗೆ ಹೆಸರನ್ನಿತ್ತ ದೇವತೆಯ ಕಥೆ. ನರಸಿಂಹನ ಆವಿರ್ಭಾವಕ್ಕೆ ನಿಮಿತ್ತನಾದವನು ತಂದೆಯ ಆಜ್ಞೆಯನ್ನು ಮೀರಿದ ಒಬ್ಬ ಬಾಲಕ. ಹಿರಿಯರ ಮಾತನ್ನು ಮೀರಬಾರದೆಂದು ಮಕ್ಕಳಿಗೆ ಬುದ್ಧಿ ಹೇಳುವ ಮನೆಗಳಲ್ಲಿಯೇ ಪ್ರಹ್ಲಾದನ ಕಥೆಯನ್ನೂ ಹೇಳುತ್ತಾರೆ. ಎರಡಕ್ಕೂ ವಿರೋಧವುಂಟೆಂದು ಹೇಳುವವರಿಗೂ ತೋರುವುದಿಲ್ಲ, ಕೇಳುವವರಿಗೂ ತೋರುವುದಿಲ್ಲ. ಇದಕ್ಕೆ ಕಾರಣವನ್ನು ಹುಡುಕಹೊರಟರೆ ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಬಹುಕಾಲದಿಂದ ಚರ್ಚಿತವಾಗಿರುವ ಒಂದು ಭೇದವು ಎದುರಾಗುತ್ತದೆ. ತಂದೆತಾಯಿಗಳನ್ನು ಮನ್ನಿಸುವುದು ಬೇರೆ, ಅವರಿಗೆ ವಿಧೇಯರಾಗಿ ನಡೆಯುವುದು ಬೇರೆ, ಎಂಬುದೇ ಆ ಭೇದ.

ವಿಮೋಚನಕಾಂಡದ 20ನೆಯ ಅಧ್ಯಾಯದ ದಶಾಜ್ಞೆಗಳಲ್ಲಿ ತಂದೆತಾಯಿಗಳ ವಿಷಯವಾದ ಆಜ್ಞೆಯು ಕೇಳುವುದು ಮನ್ನಣೆಯನ್ನು. ವಿಧೇಯತೆಯ ಮಾತು ಅಲ್ಲಿಲ್ಲ. ಹೀಬ್ರೂ ಮೂಲದ ಕ್ರಿಯಾಪದಕ್ಕೆ ಧಾತ್ವರ್ಥ ಭಾರವಾಗಿರುವುದು. ಆದಕಾರಣ ಮನ್ನಿಸುವುದೆಂದರೆ ಒಬ್ಬರಿಗೆ ಅವರ ತೂಕವನ್ನು ಸಲ್ಲಿಸುವುದು. ಸಂಸ್ಕೃತದ ‘ಗುರು’ ಶಬ್ದದಲ್ಲಿಯೂ ಭಾರವೆಂಬ ಅರ್ಥವೂ ಪೂಜ್ಯರೆಂಬ ಅರ್ಥವೂ ಒಟ್ಟಿಗಿರುವುದನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಇನ್ನೊಂದು ಸಂಗತಿಯೂ ಗಮನಾರ್ಹ. ಅದರ ಹಿಂದಿನ ಸಬ್ಬತ್ತಿನ ಆಜ್ಞೆಯು ಗಂಡಾಳು, ಹೆಣ್ಣಾಳು, ದನಕರುಗಳುಳ್ಳ ಗೃಹಸ್ಥನನ್ನು ಉದ್ದೇಶಿಸಿದೆ. ಹಾಗಾದರೆ ಈ ಆಜ್ಞೆಯನ್ನು ಕೇಳುತ್ತಿರುವವನೂ ಅವನೇ; ಅವನ ತಂದೆತಾಯಿಗಳು ಮುಪ್ಪಾದವರು. ಯೆಹೂದ್ಯ ಆಚಾರ್ಯರು ಮನ್ನಣೆಗೆ ಕೊಟ್ಟ ವಿವರಣೆಯು ಇದಕ್ಕೆ ಒಪ್ಪುತ್ತದೆ: ಉಣಿಸುವುದು, ಉಡಿಸುವುದು, ಕೈಹಿಡಿದು ಒಳಗೆ ಹೊರಗೆ ನಡೆಸುವುದು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ತಾಯಿತಂದೆಗಳಿಗೆ ಅಂಜಿ ನಡೆಯಬೇಕೆಂದ ಒಡನೆಯೇ ಸಬ್ಬತ್ತಿನ ವಿಧಿ ಬರುತ್ತದೆ. ಸಬ್ಬತ್ತನ್ನು ಮುರಿಯೆಂದು ತಂದೆ ಹೇಳಿದರೆ ಕೇಳಬೇಕಾಗಿಲ್ಲವೆಂಬುದಕ್ಕೆ ಆ ಆಚಾರ್ಯರು ಈ ಸಾಮೀಪ್ಯವನ್ನೇ ಪ್ರಮಾಣವಾಗಿ ಹಿಡಿದರು.

ವಿಧೇಯತೆಯ ಮಾತು ಸ್ಪಷ್ಟವಾಗಿ ಬರುವುದು ಪೌಲನ ಹೆಸರಿನ ಪತ್ರಿಕೆಗಳಲ್ಲಿ. ಅಲ್ಲಿಯ ಗ್ರೀಕ್ ಕ್ರಿಯಾಪದದೊಳಗೆ ಕಿವಿಗೊಡುವುದೆಂಬ ಅರ್ಥವಿದೆ; ಕನ್ನಡದ ‘ಮಾತು ಕೇಳು’ ಎಂಬ ನುಡಿಯೂ ಇದೇ ಹಾದಿಯದು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು ಎಲ್ಲ ವಿಷಯಗಳಲ್ಲಿಯೂ ಎಂದು ವಿಸ್ತರಿಸಿದರೆ, ಎಫೆಸದವರಿಗೆ ಬರೆದುದು ‘ಕರ್ತನಲ್ಲಿ’ ಎಂಬ ವಿಶೇಷಣವನ್ನು ಸೇರಿಸುತ್ತದೆ. ಈ ವಿಶೇಷಣವು ವಿಧೇಯತೆಗೆ ಎಲ್ಲೆಯೋ ಆಧಾರವೋ ಎಂಬುದರಲ್ಲಿ ವ್ಯಾಖ್ಯಾನಕಾರರು ಒಮ್ಮತದವರಲ್ಲ. ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಆ ಪದವೇ ಇಲ್ಲ. ಎಫೆಸ ಪತ್ರಿಕೆಯು ವಿಧೇಯತೆಯನ್ನು ಹೇಳಿ ಅದಕ್ಕೆ ಮನ್ನಣೆಯ ಹಳೆಯ ಆಜ್ಞೆಯನ್ನು ಪ್ರಮಾಣವಾಗಿ ತಂದುದರಿಂದ ಎರಡೂ ಒಂದೇ ಎಂಬ ಭ್ರಮೆಗೆ ಅವಕಾಶವಾಯಿತು. ಒಂದು ಮತ್ತೊಂದಕ್ಕೆ ಪ್ರಮಾಣವಾದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲವೆಂಬುದು ತರ್ಕದ ಮೊದಲ ಪಾಠ.

ಯೇಸುವಿನ ಚರಿತ್ರೆಯಲ್ಲಿ ಈ ಭೇದವು ನಡತೆಯಲ್ಲಿಯೇ ಕಾಣುತ್ತದೆ. ಲೂಕನು ಹೇಳುವಂತೆ 12 ವರ್ಷದ ಹುಡುಗನು ತಂದೆತಾಯಿಗಳಿಗೆ ತಿಳಿಸದೆ ದೇವಾಲಯದಲ್ಲಿ ಉಳಿದನು. ಬಳಿಕ ಅವರೊಡನೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ತನಗಿಂತ ತಂದೆತಾಯಿಗಳನ್ನು ಹೆಚ್ಚಾಗಿ ಪ್ರೀತಿಸುವವನು ತನಗೆ ತಕ್ಕವನಲ್ಲವೆಂದವನೇ, ಅವರಿಗೆ ಸಲ್ಲಬೇಕಾದುದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ನುಣುಚಿಕೊಳ್ಳುವವರನ್ನು ಕಠಿನವಾಗಿ ಖಂಡಿಸಿದನೆಂದು ಮಾರ್ಕನ 7ನೆಯ ಅಧ್ಯಾಯವು ತಿಳಿಸುತ್ತದೆ. ಇವೆರಡನ್ನು ಜೊತೆಯಲ್ಲಿಟ್ಟು ಓದಬೇಕು. ದೇವರ ಹೆಸರಿನಲ್ಲಿ ಆಜ್ಞೆಯನ್ನು ಮೀರಬಹುದು. ದೇವರ ಹೆಸರಿನಲ್ಲಿ ಅನ್ನವನ್ನು ತಪ್ಪಿಸಲಾಗದು.

ಮುಂದಿನ ಶತಮಾನಗಳಲ್ಲಿ ಈ ಪ್ರಶ್ನೆಯನ್ನು ಎತ್ತಿದವರಲ್ಲಿ ಇಬ್ಬರು ಸ್ವಂತ ಅನುಭವದಿಂದ ಅದನ್ನು ಬಲ್ಲವರು. ಥಾಮಸ್ ಅಕ್ವಿನಾಸನು ಹಾರನಹಳ್ಳಿಯ ಗುಡಿ ಏಳುತ್ತಿದ್ದ ಕಾಲದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗ. 1244ರಲ್ಲಿ ಡೊಮಿನಿಕನ್ ಭಿಕ್ಷುಸಂಘವನ್ನು ಸೇರಿದಾಗ ಮನೆಯವರೇ ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಮದುವೆಯಾಗುವುದು, ಬ್ರಹ್ಮಚರ್ಯವನ್ನು ಕೈಕೊಳ್ಳುವುದು ಮೊದಲಾದ ವಿಷಯಗಳಲ್ಲಿ ಮಕ್ಕಳು ತಂದೆತಾಯಿಗಳಿಗೆ ವಿಧೇಯರಾಗಬೇಕಾಗಿಲ್ಲವೆಂದು ಅವನು ಮುಂದೆ ತನ್ನ ಮಹಾಗ್ರಂಥದಲ್ಲಿ ನಿರ್ಣಯಿಸಿದನು. ಲೂಥರನದು ಇದಕ್ಕೆ ತಿರುಗುಮುರುಗು. 1505ರಲ್ಲಿ ತಂದೆಯ ಇಷ್ಟವನ್ನು ಮೀರಿ ಮಠವನ್ನು ಹೊಕ್ಕವನು, 1521ರಲ್ಲಿ ಸನ್ಯಾಸವ್ರತಗಳನ್ನು ಕುರಿತ ಗ್ರಂಥವನ್ನು ಆ ತಂದೆಗೇ ಅರ್ಪಿಸಿ, ಅವನ ಮಾತನ್ನು ಮೀರಿ ತೊಟ್ಟ ವ್ರತಕ್ಕೆ ಬೆಲೆಯಿರಲಿಲ್ಲವೆಂದು ಒಪ್ಪಿಕೊಂಡನು.

ಈಗ ಕನ್ನಡದ ಕಡೆಗೆ ಬರಬಹುದು. ಹಾರನಹಳ್ಳಿಯ ಗುಡಿಗಿಂತ ಸುಮಾರು 25 ವರ್ಷ ಹಿಂದೆ, 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿಯಾದ ಜನ್ನನು ‘ಯಶೋಧರಚರಿತೆ’ಯನ್ನು ರಚಿಸಿದನು. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬುದನ್ನು ತೋರಿಸುವ ಜೈನಕಾವ್ಯವೆಂದು ಅದು ಪ್ರಸಿದ್ಧ. ಅಮೃತಮತಿಯ ಮನೋವಿಕಾರದ ಚಿತ್ರಣಕ್ಕಾಗಿ ವಿಮರ್ಶಕರು ಅದನ್ನು ಮತ್ತೆ ಮತ್ತೆ ಓದುತ್ತಾರೆ. ತಾಯಿ ಮಗಂದಿರ ಸಂವಾದವು ಇವೆರಡರ ನಡುವೆ ಸಿಕ್ಕಿ ಸಾಕಷ್ಟು ಗಮನವನ್ನು ಪಡೆದಿಲ್ಲ. ಕಥೆಯ ಕೀಲು ಇರುವುದು ಅಲ್ಲಿಯೇ.

ರಾಣಿಯು ವಿಕಾರರೂಪಿಯಾದ ಮಾವಟಿಗನ ಬಳಿಗೆ ಹೋಗುವುದನ್ನು ಯಶೋಧರನು ಕಣ್ಣಾರೆ ಕಂಡಿದ್ದಾನೆ. ಎತ್ತಿದ ಕತ್ತಿಯನ್ನು ತಡೆದುಕೊಂಡಿದ್ದಾನೆ. ಮಗನ ಬಾಡಿದ ಮುಖವನ್ನು ಕಂಡು ಚಂದ್ರಮತಿಯು ಕಾರಣವನ್ನು ಕೇಳುತ್ತಾಳೆ. ಅವನು ಕಂಡುದನ್ನು ಮರೆಮಾಡಿ ಕೆಟ್ಟ ಕನಸಿನ ನೆಪವನ್ನು ಹೇಳುತ್ತಾನೆ. ಕನಸಿಗೆ ತಕ್ಕ ಶಾಂತಿಯಾಗಲೆಂದು ಆಕೆ ದೇವಿಗೆ ಬಲಿಯನ್ನು ವಿಧಿಸುತ್ತಾಳೆ. ಮಗನು ಜೀವದಯೆಯನ್ನು ಮುಂದಿಟ್ಟು ಒಲ್ಲೆನೆನ್ನುತ್ತಾನೆ. ತಾಯಿ ಬಿಡದಿರಲು, ಜೀವವಿಲ್ಲದ ಹಿಟ್ಟಿನ ಕೋಳಿಯಾದರೆ ಆಗಬಹುದೆಂಬಲ್ಲಿಗೆ ಮಾತು ನಿಲ್ಲುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅದಾದ ಮೇಲೆ ರಾಣಿಯ ವಿಷದೂಟ; ತಾಯಿಗೂ ಮಗನಿಗೂ ಒಟ್ಟಿಗೆ ಮರಣ; ಪ್ರಾಣಿಗಳ ಹುಟ್ಟಿನಲ್ಲಿ ಒಬ್ಬರನ್ನೊಬ್ಬರು ಹಿಂಬಾಲಿಸುವ ಭವಾವಳಿ.

ಮಾತೃವಾಕ್ಯವನ್ನು ಮೀರಲಾರದೆ ಕೆಟ್ಟನೆಂದು ಯಶೋಧರನನ್ನು ಮರುಗುವುದು ವಾಡಿಕೆ. ಮೇಲಿನ ಭೇದವನ್ನು ಹಿಡಿದು ನೋಡಿದರೆ ಆ ಮರುಕ ಅಷ್ಟು ಸುಲಭವಾಗಿ ಸಲ್ಲದು. ತಾಯಿಗೆ ಅವನು ಮೊದಲು ತಪ್ಪಿದುದು ಬಲಿಯ ಮುಂದೆ ಅಲ್ಲ, ಆಕೆಯ ಪ್ರಶ್ನೆಯ ಮುಂದೆ. ನಿಜವನ್ನು ಕೇಳಿ ತಡೆದುಕೊಳ್ಳುವ ತೂಕ ಆಕೆಗುಂಟೆಂದು ಅವನು ನಂಬಲಿಲ್ಲ, ಸುಳ್ಳನ್ನು ಮುಂದಿಟ್ಟನು, ಸುಳ್ಳಿನ ಮೇಲೆ ಆಕೆ ಕೊಟ್ಟ ಬುದ್ಧಿಗೆ ವಿಧೇಯನಾದನು. ಆ ವಿಧೇಯತೆಯೂ ಅರ್ಧದ್ದೇ: ಒಲ್ಲೆನೆಂಬ ಧೈರ್ಯವೂ ಇಲ್ಲ, ಒಪ್ಪಿದೆನೆಂಬ ನಿಷ್ಠೆಯೂ ಇಲ್ಲ. ಹಿಟ್ಟಿನ ಕೋಳಿಯು ಹಿಂಸೆಯ ಪ್ರತಿಮೆಯಷ್ಟೇ ಆಗಿರದೆ ಇಂಥ ದಾಕ್ಷಿಣ್ಯದ ಪ್ರತಿಮೆಯೂ ಆಗಿದೆ. ತಾಯಿಯೂ ಅದೇ ಭವಾವಳಿಯಲ್ಲಿ ತೊಳಲಬೇಕಾಗುವುದನ್ನು ನೋಡಿದರೆ, ಮಗನ ಆ ದಾಕ್ಷಿಣ್ಯದಿಂದ ಆಕೆಗಾದ ಉಪಕಾರ ಎಷ್ಟೆಂಬುದು ತಿಳಿಯುತ್ತದೆ. ಜನ್ನನು ಈ ತೀರ್ಪನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅವನ ಮತಕ್ಕೆ ಬೇಕಾದುದು ಸಂಕಲ್ಪದ ದೋಷ. ಆದರೂ ಕಾವ್ಯವು ಮತದಷ್ಟಕ್ಕೇ ನಿಲ್ಲದೆ ಮುಂದೆ ಹೋಗಿದೆ.

ಪ್ರಹ್ಲಾದನನ್ನು ಇವನ ಪಕ್ಕದಲ್ಲಿ ನಿಲ್ಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಭಾಗವತದ ಸಪ್ತಮಸ್ಕಂಧದಲ್ಲಿ ಹಿರಣ್ಯಕಶಿಪುವು ಮಗನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಏನನ್ನು ಕಲಿತೆಯೆಂದು ಕೇಳುತ್ತಾನೆ. ಅಲ್ಲಿಯೂ ಒಂದು ಕನಸನ್ನು ಕಟ್ಟಿ ಹೇಳಬಹುದಾಗಿತ್ತು. ಹುಡುಗನು ಇದ್ದುದನ್ನು ಇದ್ದಂತೆಯೇ ಹೇಳುತ್ತಾನೆ. ಕಡೆಗೆ ತಂದೆ ಹತನಾದ ಮೇಲೆ ನರಸಿಂಹನು ವರವನ್ನು ಬೇಡೆನ್ನಲು, ತಂದೆಯು ಪಾಪದಿಂದ ಶುದ್ಧನಾಗಲೆಂದು ಬೇಡುತ್ತಾನೆ. ಇಪ್ಪತ್ತೊಂದು ತಲೆಮಾರಿನ ಪಿತೃಗಳೊಡನೆ ಅವನು ಪವಿತ್ರನಾದನೆಂದು ಹೇಳಿ, ತಂದೆಯ ಪ್ರೇತಕಾರ್ಯವನ್ನು ನಡೆಸೆಂದು ದೇವರೇ ವಿಧಿಸುತ್ತಾನೆ. ಕನ್ನಡದ ‘ಮನ್ನಿಸು’ ಶಬ್ದಕ್ಕೆ ಗೌರವಿಸುವುದೆಂಬ ಅರ್ಥವೂ ಕ್ಷಮಿಸುವುದೆಂಬ ಅರ್ಥವೂ ಇದೆ. ಪ್ರಹ್ಲಾದನು ಎರಡು ಅರ್ಥದಲ್ಲಿಯೂ ತಂದೆಯನ್ನು ಮನ್ನಿಸಿದನು, ಮಾತನ್ನು ಮಾತ್ರ ಕೇಳಲಿಲ್ಲ. ಬುದ್ಧಿ ಹೇಳುವ ಮನೆಗಳಲ್ಲಿ ಅವನ ಕಥೆಯಿಂದ ಕಸಿವಿಸಿಯಾಗದಿರುವುದು ಇದರಿಂದಲೇ ಇರಬೇಕು.

ಇಲ್ಲಿಗೆ ನಿಲ್ಲಿಸಿದರೆ ಕ್ರೈಸ್ತರ ಭೇದವೂ ಭಾಗವತದ ಕಥೆಯೂ ಸರಿಯಾಗಿ ಹೊಂದಿಕೊಂಡುವೆಂದು ಹೇಳಿ ಸಂತೋಷಪಡಬಹುದು. ಆದರೆ ಕನ್ನಡನಾಡಿನಲ್ಲಿ ಈ ಭೇದವು ಪುಸ್ತಕದಿಂದ ಇಳಿದು ಮನೆಗಳ ಒಳಕ್ಕೆ ಬಂದಾಗ ಅಷ್ಟು ಸುಲಭವಾಗಿರಲಿಲ್ಲ. 1844ರ ಜನವರಿ 6ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯನು ದೀಕ್ಷಾಸ್ನಾನವನ್ನು ಪಡೆದನು. 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತನಾದನು. ಇಂಥ ಮಗನಿಗೆ ಬೋಧಕರು ಹೇಳಬಹುದಾದುದು ಮೇಲಿನ ಭೇದವನ್ನೇ: ಮಾತನ್ನು ಮೀರು, ಮನ್ನಣೆಯನ್ನು ಬಿಡಬೇಡ. ಆದರೆ ಆ ಮನೆಯಲ್ಲಿ ಮನ್ನಣೆಗೆ ಕಟ್ಟಕಡೆಯ ರೂಪ ಶ್ರಾದ್ಧ. ಪ್ರಹ್ಲಾದನಿಗೆ ದೇವರು ವಿಧಿಸಿದ ಆ ಕಾರ್ಯವನ್ನೇ ಹೊಸ ಮತವು ನಿಷೇಧಿಸಿತು. ಮೀರಿದ ಬಳಿಕ ಮನ್ನಿಸುವುದಕ್ಕೆ ತಂದೆಗೂ ಮಗನಿಗೂ ಸಮಾನವಾದ ಒಂದು ಕರ್ಮ ಹಾರನಹಳ್ಳಿಯ ದೇವರ ಕಥೆಯಲ್ಲಿ ಉಳಿದಿತ್ತು, ಮಂಗಳೂರಿನಲ್ಲಿ ಉಳಿಯಲಿಲ್ಲ. 1850ರ 21ನೆಯ ಆಕ್ಟು ಮತಾಂತರದಿಂದ ಆಸ್ತಿಯ ಹಕ್ಕು ಹೋಗಬಾರದೆಂದು ವಿಧಿಸಿದುದರಿಂದ, ಪಿಂಡವನ್ನಿಡದ ಮಗನು ಪಿತ್ರಾರ್ಜಿತಕ್ಕೆ ಹಕ್ಕುದಾರನಾಗಿ ಉಳಿಯುವಂತಾಯಿತು. ವೃದ್ಧರಾದ ತಂದೆತಾಯಿಗಳ ಕಣ್ಣಿನಲ್ಲಿ ಇದು ಕೊರ್ಬಾನಿಗಿಂತ ಬೇರೆಯಾಗಿ ಕಂಡಿರಲಾರದು.

ಈ ಕಷ್ಟವನ್ನು ಕ್ರೈಸ್ತರ ಎಲ್ಲ ಶಾಖೆಗಳೂ ಒಂದೇ ರೀತಿಯಲ್ಲಿ ಎದುರಿಸಬೇಕಾಗಿರಲಿಲ್ಲ. ಮೃತರಿಗಾಗಿ ಪೂಜೆಯನ್ನು ಅರ್ಪಿಸುವುದು, ನವೆಂಬರ್ 2ರಂದು ಅಗಲಿದವರೆಲ್ಲರನ್ನು ಸ್ಮರಿಸುವುದು ಕಥೋಲಿಕರಲ್ಲಿ ಉಂಟು; ಮಗನ ಕೈಗೆ ಅಲ್ಲಿ ಏನಾದರೊಂದು ಕೆಲಸ ಉಳಿಯುತ್ತದೆ. ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟಂಟರು, ಮೃತರಿಗಾಗಿ ಪ್ರಾರ್ಥಿಸುವುದನ್ನು ಒಪ್ಪದವರು. ಆನಂದರಾಯನು ದೀಕ್ಷಾನಂತರ ಹೆರ್ಮನ್ ಎಂಬ ಹೆಸರನ್ನು ಪಡೆದರೂ, 1893ರಲ್ಲಿ ತೀರಿಕೊಳ್ಳುವವರೆಗೆ ಹೆರ್ಮನ್ ಆನಂದರಾವ್ ಕೌಂಡಿನ್ಯನೆಂದೇ ಪ್ರಸಿದ್ಧನಾಗಿದ್ದನು. ಕೌಂಡಿನ್ಯವೆಂಬುದು ಗೋತ್ರದ ಹೆಸರು. ಶ್ರಾದ್ಧದ ದಿನ ಪಿತೃಗಳನ್ನು ಕರೆಯುವಾಗ ಮಗನು ಉಚ್ಚರಿಸುವುದು ಅದನ್ನೇ.