ಪುರಾವೆ ಮತ್ತು ಕಂದಕ: ಆರೋಗ್ಯದ ಅಸಮಾನತೆಯ ಕುರಿತ 2008ರ ವರದಿಯ ದೈವಶಾಸ್ತ್ರೀಯ ವಿಮರ್ಶೆ

ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ನೇಮಿಸಿದ ಆರೋಗ್ಯದ ಸಾಮಾಜಿಕ ನಿರ್ಧಾರಕಗಳ ಆಯೋಗವು 2008ರ ಆಗಸ್ಟ್ ತಿಂಗಳಲ್ಲಿ ತನ್ನ ಅಂತಿಮ ವರದಿಯನ್ನು ಪ್ರಕಟಿಸಿತು. ಸರ್ ಮೈಕೆಲ್ ಮಾರ್ಮೊಟ್ ಅದರ ಅಧ್ಯಕ್ಷರು. ಅಮರ್ತ್ಯ ಸೇನ್ ಅವರೂ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯಾದ 'ಸೇವಾ'ದ ಮಿರಾಯಿ ಚಟರ್ಜಿ ಅವರೂ ಸದಸ್ಯರಲ್ಲಿದ್ದರು. ಒಂದೇ ತಲೆಮಾರಿನೊಳಗೆ ಆರೋಗ್ಯದ ಅಂತರವನ್ನು ಮುಚ್ಚಬಹುದೆಂಬ ಆಶಯವನ್ನು ಅದು ಶೀರ್ಷಿಕೆಯಲ್ಲಿಯೇ ಸಾರುತ್ತದೆ. ಇಂತಹ ಗ್ರಂಥಗಳನ್ನು ಗುರುಮಠಗಳಲ್ಲಿ ಅಂಕಿಅಂಶಗಳ ಕಪಾಟಿಗೆ ಸೇರಿಸಿ ಮರೆಯುವುದುಂಟು. ನೈತಿಕ ದೈವಶಾಸ್ತ್ರದ ವಿದ್ಯಾರ್ಥಿಗೆ ಇದು ಕಡ್ಡಾಯ ಓದು ಎಂಬುದು ನನ್ನ ಅಭಿಪ್ರಾಯ. ಅದರ ಬಲಕ್ಕಾಗಿಯೂ, ಅದರ ಕೊರತೆಗಾಗಿಯೂ.

ಬಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಗ್ಲಾಸ್ಗೋ ನಗರದ ಕಾಲ್ಟನ್ ಬಡಾವಣೆಯಲ್ಲಿ ಪುರುಷನ ನಿರೀಕ್ಷಿತ ಆಯುಸ್ಸು ವರದಿಯ ಪ್ರಕಾರ ಆಗ 54 ವರ್ಷವಾಗಿತ್ತು. ಕೆಲವೇ ಮೈಲಿ ಆಚೆಗಿನ ಲೆಂಜಿಯಲ್ಲಿ 82 ಆಗಿತ್ತು. ಎರಡೂ ಕಡೆ ಅದೇ ಸರ್ಕಾರ, ಅದೇ ಉಚಿತ ವೈದ್ಯಸೇವೆ. ಆದುದರಿಂದ ಆಸ್ಪತ್ರೆಯ ಅಭಾವವೊಂದೇ ಈ 28 ವರ್ಷಗಳ ಅಂತರಕ್ಕೆ ಕಾರಣವಾಗಲಾರದು. ವಸತಿ, ದುಡಿಮೆ, ಬಾಲ್ಯ, ಆದಾಯ, ಅಧಿಕಾರದ ಹಂಚಿಕೆ ಇವುಗಳತ್ತ ವರದಿ ನಮ್ಮ ಕಣ್ಣನ್ನು ತಿರುಗಿಸುತ್ತದೆ, ಮತ್ತು ಇದನ್ನು ದುರದೃಷ್ಟವೆನ್ನದೆ ಅನ್ಯಾಯವೆಂದೇ ಕರೆಯುತ್ತದೆ. ಊರೂರಿನಲ್ಲಿ ಆಸ್ಪತ್ರೆ ಕಟ್ಟಿಸಿ ತೃಪ್ತರಾಗುವ ಧರ್ಮಸಭೆಗೆ ಇದು ಹಿತವಾದ ಮಾತಲ್ಲ.

ಆದರೆ ವರದಿಗೆ ಪುರಾವೆಯ ಮೇಲೆ ಅತಿಯಾದ ನಂಬಿಕೆ. ಅದರ ಮೂರು ಮುಖ್ಯ ಶಿಫಾರಸುಗಳಲ್ಲಿ ಮೊದಲನೆಯದು ದೈನಂದಿನ ಬದುಕಿನ ಸುಧಾರಣೆ, ಎರಡನೆಯದು ಅಧಿಕಾರ ಮತ್ತು ಸಂಪತ್ತಿನ ಅಸಮ ಹಂಚಿಕೆಯನ್ನು ಎದುರಿಸುವುದು, ಮೂರನೆಯದು ಸಮಸ್ಯೆಯನ್ನು ಅಳೆದು ಅರಿಯುವುದು. ಮೂರನೆಯದನ್ನು ಒಪ್ಪದ ಸರ್ಕಾರವಿಲ್ಲ, ಏಕೆಂದರೆ ಅದು ಎರಡನೆಯದನ್ನು ಮುಂದೂಡಲು ಅನುಕೂಲಕರ. ಬ್ರಿಟನ್ನಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1977ರಲ್ಲಿ ಅಲ್ಲಿನ ಲೇಬರ್ ಸರ್ಕಾರ ಸರ್ ಡಗ್ಲಸ್ ಬ್ಲ್ಯಾಕ್ ಅವರ ನೇತೃತ್ವದಲ್ಲಿ ತಜ್ಞರನ್ನು ನೇಮಿಸಿತು. ವರದಿ ಸಿದ್ಧವಾದಾಗ ಅಧಿಕಾರ ಕನ್ಸರ್ವೇಟಿವ್ ಪಕ್ಷಕ್ಕೆ ಬಂದಿತ್ತು. 1980ರ ಆಗಸ್ಟ್‌ನ ರಜಾದಿನದಂದು ಸುಮಾರು 260 ಪ್ರತಿಗಳನ್ನು ಮಾತ್ರ ಹೊರತರಲಾಯಿತು. ಶಿಫಾರಸುಗಳ ವೆಚ್ಚವನ್ನು ಭರಿಸಲಾಗದೆಂದು ಸಚಿವರು ಮುನ್ನುಡಿಯಲ್ಲಿಯೇ ತಿಳಿಸಿಬಿಟ್ಟಿದ್ದರು. ಬಳಿಕ 1998ರಲ್ಲಿ ಆಚೆಸನ್ ವರದಿ, 2010ರಲ್ಲಿ ಮಾರ್ಮೊಟ್ ಅವರದೇ ಇನ್ನೊಂದು ವರದಿ. 2020ರ ಪುನರವಲೋಕನದಲ್ಲಿ ಇಂಗ್ಲೆಂಡಿನ ಅತ್ಯಂತ ಬಡ ಪ್ರದೇಶಗಳ ಮಹಿಳೆಯರ ಆಯುಸ್ಸು ಇಳಿದಿರುವುದು ಕಂಡುಬಂದಿತು. ನಲವತ್ತು ವರ್ಷಗಳಲ್ಲಿ ಪುರಾವೆಗೆ ಬರಗಾಲವಿರಲಿಲ್ಲ.

ಸಂತ ಲೂಕರ ಶುಭಸಂದೇಶದ ಹದಿನಾರನೆಯ ಅಧ್ಯಾಯ ಇಲ್ಲಿ ವರದಿಗಿಂತ ಆಳಕ್ಕಿಳಿಯುತ್ತದೆ. ಧನಿಕನು ಲಾಜರನನ್ನು ಹೊಡೆದನೆಂದಾಗಲಿ, ದೋಚಿದನೆಂದಾಗಲಿ ಅಲ್ಲಿ ಹೇಳಿಲ್ಲ. ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದವನು ದಿನವೂ ಕಾಣುವಷ್ಟು ಹತ್ತಿರದಲ್ಲಿದ್ದನು. ಮರಣಾನಂತರ ದಾಟಲಾಗದ ಕಂದಕವಾದುದು ಬದುಕಿರುವಾಗ ತೆರೆಯಬಹುದಾಗಿದ್ದ ಬಾಗಿಲು. ಧನಿಕನ ಕೊನೆಯ ಬೇಡಿಕೆಯನ್ನು ಗಮನಿಸಿ: ತನ್ನ ಸಹೋದರರಿಗೆ ಇನ್ನೂ ಬಲವಾದ ಸಾಕ್ಷ್ಯ ಬೇಕು, ಸತ್ತವನೊಬ್ಬ ಎದ್ದುಹೋಗಿ ಹೇಳಬೇಕು. ಅಬ್ರಹಾಮನು ನಿರಾಕರಿಸುತ್ತಾನೆ. ಮೋಶೆಯೂ ಪ್ರವಾದಿಗಳೂ ಸಾಲದವರಿಗೆ ಪುನರುತ್ಥಾನವೂ ಸಾಲದು. ಧನಿಕನ ಮನೆಯಲ್ಲಿ ಕೊರತೆಯಿದ್ದುದು ಮಾಹಿತಿಗಲ್ಲ, ಮನಪರಿವರ್ತನೆಗೆ. ವರದಿಯ ಶಬ್ದಕೋಶದಲ್ಲಿ ಮನಪರಿವರ್ತನೆಗೆ ಸಮಾನವಾದ ಪದವೇ ಇಲ್ಲ.

ಈ ಕಾರಣದಿಂದಲೇ ಅದರ ವಾಕ್ಯಗಳಲ್ಲಿ ಕರ್ತೃಪದ ಮಸುಕಾಗಿದೆ. ಕೆಟ್ಟ ನೀತಿ, ಅನ್ಯಾಯದ ಆರ್ಥಿಕ ವ್ಯವಸ್ಥೆ ಎಂದು ದೂರುತ್ತದೆ. ಆ ನೀತಿಗೆ ಸಹಿ ಹಾಕಿದವರಾರು? ಪಾಪದ ಸಂರಚನೆಗಳ ಕುರಿತು 1987ರ ವಿಶ್ವಪತ್ರದಲ್ಲಿ ಬರೆದ ಜಗದ್ಗುರು ದ್ವಿತೀಯ ಜಾನ್ ಪಾಲ್, ಅವು ವ್ಯಕ್ತಿಗಳ ನಿರ್ದಿಷ್ಟ ಕೃತ್ಯಗಳಲ್ಲಿಯೇ ಬೇರುಬಿಟ್ಟಿವೆ ಎಂದು ಸ್ಪಷ್ಟಪಡಿಸಿದ್ದರು. ನಮ್ಮ ಪ್ರಬೋಧನೆಗಳ ದೋಷ ಇದಕ್ಕೆ ತದ್ವಿರುದ್ಧವಾದುದು. ಸಂರಚನಾತ್ಮಕ ಪಾಪವೆಂಬ ಪದವನ್ನು ಧಾರಾಳವಾಗಿ ಬಳಸುವ ನಾವು ಒಂದು ಕೊಳೆಗೇರಿಯ ನೀರನ್ನಾಗಲಿ ಕೂಲಿಯನ್ನಾಗಲಿ ಲೆಕ್ಕಹಾಕಿ ನೋಡುವುದಿಲ್ಲ.

ಇನ್ನೊಂದು ವಿಷಯದಲ್ಲಂತೂ ದೈವಶಾಸ್ತ್ರವೇ ಕಲಿಯಬೇಕಾದ ಸ್ಥಾನದಲ್ಲಿದೆ. ಮಾರ್ಮೊಟ್ ಅವರ ಚಿಂತನೆಯ ಮೂಲ ವೈಟ್‌ಹಾಲ್ ಅಧ್ಯಯನ. 1967ರಲ್ಲಿ ಆರಂಭವಾದ ಅದು ಲಂಡನ್ನಿನ ಪುರುಷ ಸರ್ಕಾರಿ ನೌಕರರನ್ನು ಕುರಿತದ್ದು. ಅವರಲ್ಲಿ ಯಾರೂ ನಿರ್ಗತಿಕರಲ್ಲ, ಎಲ್ಲರಿಗೂ ಸಂಬಳವಿತ್ತು. ಆದರೂ ಕೆಳಗಿನ ದರ್ಜೆಯ ಜವಾನರು ಮತ್ತು ದ್ವಾರಪಾಲಕರ ಮರಣ ಪ್ರಮಾಣ ಮೇಲಧಿಕಾರಿಗಳದಕ್ಕಿಂತ ಸುಮಾರು ಮೂರು ಪಟ್ಟು. ನಡುವಿನವರು ಕೂಡ ಮೆಟ್ಟಿಲು ಮೆಟ್ಟಿಲಾಗಿ ತಮಗಿಂತ ಮೇಲಿನವರಿಗಿಂತ ಬೇಗ ಸಾಯುತ್ತಿದ್ದರು, ಧೂಮಪಾನದಂಥ ಅಭ್ಯಾಸಗಳನ್ನು ಲೆಕ್ಕದಿಂದ ಕಳೆದ ಮೇಲೂ. ಲಾಜರನ ಸಾಮತಿಯಲ್ಲಿ ಭೂಮಿಯ ಮೇಲೆ ಇರುವವರು ಇಬ್ಬರೇ: ಒಬ್ಬ ಒಳಗೆ, ಒಬ್ಬ ಹೊರಗೆ. ಬಡವರ ಪರ ಆಯ್ಕೆಯನ್ನು ನಾವು ಬೋಧಿಸುವುದೂ ಆ ಇಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು. ನಡುವಿನ ಮೆಟ್ಟಿಲುಗಳಲ್ಲಿ ನಿಂತವರ, ಅಂದರೆ ನಮ್ಮ ಧರ್ಮಕೇಂದ್ರಗಳ ಬಹುಪಾಲು ಭಕ್ತರ, ಹೊಣೆ ಏನು, ಅವರಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆಯನ್ನು ನಮ್ಮ ತರಗತಿಗಳು ಇನ್ನೂ ಎತ್ತಿಕೊಂಡಿಲ್ಲ.