ದ್ರಾಕ್ಷಿ ಪಡಕ್ಕೆ ರೋಗಿ ಬಂದರೆ

ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ದಾರಿ ಹಿಡಿದರೆ ಎಡಬಲಕ್ಕೂ ದ್ರಾಕ್ಷಿ ಪಡ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಚಿಗುರೊಡೆದಾಗ ನೋಡಿದವರ ಮನಸ್ಸು ಹಗುರಾಗುವುದು ನಿಜ. ಆದರೆ ಪಡದ ಒಡೆಯನನ್ನು ಕೇಳಿ ನೋಡಿ: ಮೋಡ ಕವಿದರೆ ಅವನಿಗೆ ನಿದ್ದೆಯಿಲ್ಲ, ಬೆಳಗಾದರೆ ಔಷಧ ಸಿಂಪಡಣೆ, ಮೇಲೆ ಬ್ಯಾಂಕಿನ ಕಂತು. ಗಿಡಗಳ ನಡುವೆ ಬದುಕಿದ ಮಾತ್ರಕ್ಕೆ ಮನಸ್ಸು ವಾಸಿಯಾಗುವಂತಿದ್ದರೆ ರೈತನಷ್ಟು ನೆಮ್ಮದಿಯವರು ಇರುತ್ತಿರಲಿಲ್ಲ.

ತೋಟ ಮತ್ತು ಪ್ರಾಣಿಗಳ ನೆರವಿನ ಚಿಕಿತ್ಸೆಯನ್ನು ಪದವಿಯಾಗಿ ಕಲಿಸಬೇಕೆನ್ನುವವರು ಈ ಮಾತನ್ನು ಮೊದಲು ಎದುರಿಸಬೇಕು.

ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯ 1970ರ ದಶಕದ ಆರಂಭದಲ್ಲೇ ತೋಟಗಾರಿಕಾ ಚಿಕಿತ್ಸೆಗೆ ಪದವಿ ಪಠ್ಯಕ್ರಮ ರೂಪಿಸಿದಾಗ ಮೆನ್ನಿಂಜರ್ ಎಂಬ ಮನೋವೈದ್ಯಕೀಯ ಸಂಸ್ಥೆಯ ಕೈ ಹಿಡಿದಿತ್ತು. ಪ್ರಾಣಿಗಳ ವಿಚಾರದಲ್ಲಿ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ 1962ರಲ್ಲಿ, ಮಕ್ಕಳ ಚಿಕಿತ್ಸೆಯಲ್ಲಿ ತಮ್ಮ ನಾಯಿ ಜಿಂಗಲ್ಸ್ ನೆರವಾದ ಬಗೆಯನ್ನು ಬರೆದರು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗ ತೋಟದ ಕೆಲಸವನ್ನು ಬಳಸಿಕೊಂಡಿದೆ. ಇಂಥಲ್ಲೆಲ್ಲ ಲೆಕ್ಕ ಹಿಡಿಯಬೇಕಾದ್ದು ಬೆಳೆಯದಲ್ಲ, ಮನುಷ್ಯನದು: ಹೊತ್ತಿಗೆ ಎದ್ದನೇ, ಹಿಡಿದ ಸಾಲು ಮುಗಿಸಿದನೇ, ಪಕ್ಕದವನೊಡನೆ ಮಾತಾಡಿದನೇ.

ವಿಜಯಪುರದಲ್ಲಿ ಸಾಮಗ್ರಿಗೆ ಬರವಿಲ್ಲ. ಹಿಟ್ನಳ್ಳಿಯಲ್ಲಿ ಕೃಷಿ ಕಾಲೇಜಿದೆ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ನಗರದಲ್ಲಿ 1986ರಿಂದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು. ಆದರೆ ಕೃಷಿ ಪಾಠ ಕ್ವಿಂಟಲ್ ಎಣಿಸುತ್ತದೆ, ವೈದ್ಯಕೀಯ ಪಾಠ ಮಣ್ಣು ಮುಟ್ಟುವುದಿಲ್ಲ. ಪದವಿಗೆ ಬೇಕಾದ ಅರ್ಧರ್ಧ ವಿದ್ಯೆ ಬೇರೆ ಬೇರೆ ಕಾಂಪೌಂಡಿನೊಳಗಿದೆ.

ಪ್ರಾಣಿಯ ಮಾತು ಇನ್ನೂ ನಾಜೂಕು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಖಿಲಾರಿ ಹೋರಿ ಕಣ್ಣಿಗೆ ಹಬ್ಬ. ಅದರ ಬಿರುಸು ಬಲ್ಲವರಾರೂ ಅದನ್ನು ರೋಗಿಯ ಪಕ್ಕ ಕಟ್ಟರು! ಎಂಥ ಪ್ರಾಣಿ ತಕ್ಕದ್ದು, ಎಷ್ಟು ಹೊತ್ತು ಸಾಕು, ಅದಕ್ಕೆ ದಣಿವಾದದ್ದು ಹೇಗೆ ಗೊತ್ತಾಗಬೇಕು, ಪ್ರಾಣಿಯಿಂದ ಮನುಷ್ಯನಿಗೆ ಹರಡುವ ರೋಗಗಳೇನು ಎಂಬುದನ್ನು ಕಲಿಸದ ಪದವಿ ಬರೀ ಪಿಕ್‌ನಿಕ್.

ಹಾಗೆಂದು ಈಗಲೇ ನಾಲ್ಕು ವರ್ಷದ ಪ್ರತ್ಯೇಕ ಪದವಿ ತೆರೆಯುವುದು ಅವಸರವಾದೀತು. ಓದಿ ಬಂದವರಿಗೆ ಯಾವ ಆಸ್ಪತ್ರೆಯಲ್ಲಿ ಯಾವ ಹುದ್ದೆ? ಮನಶ್ಶಾಸ್ತ್ರ, ನರ್ಸಿಂಗ್, ಕೃಷಿ ವಿದ್ಯಾರ್ಥಿಗಳು ಜೊತೆಗೆ ಕೂತು ಓದುವ ಒಂದು ಪತ್ರಿಕೆಯಿಂದ ಶುರುಮಾಡುವುದೇ ಸರಿ. ಅದಕ್ಕೆ ಔಷಧ ಸಿಂಪಡಿಸದ ಹತ್ತು ಗುಂಟೆ ನೆಲ, ನಾಲ್ಕು ಲಿಂಬೆ ಗಿಡ, ಎರಡು ಸಾಧು ಆಡು ಇದ್ದರೆ ಮೊದಲ ವರ್ಷ ಕಳೆಯುತ್ತದೆ. ಹಿಟ್ನಳ್ಳಿಯವರೂ ವೈದ್ಯಕೀಯ ಕಾಲೇಜಿನವರೂ ಒಮ್ಮೆ ಒಂದೇ ಮೇಜಿನ ಸುತ್ತ ಕೂರಲಿ.