ಆಂಟಿಕೊವಿನ ಕಂಚಿನ ಕಿರುವಿಗ್ರಹಗಳು

ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಕಿರುಚಿತ್ರಗಳನ್ನೂ ಅವುಗಳ ಬಂಗಾರದ ಮೆರುಗನ್ನೂ ಕಂಡವರಿಗೆ, ಚಿಕ್ಕ ಆಸ್ಥಾನವೊಂದು ಚಿಕ್ಕ ಕೃತಿಯಲ್ಲಿ ಎಂತಹ ಸೊಗಸನ್ನು ತುಂಬಬಲ್ಲುದೆಂದು ಬೇರೆ ಹೇಳಬೇಕಾಗಿಲ್ಲ. ಇಟಲಿಯ ಮಾಂಟುವಾ ಅಂತಹದೇ ಸಣ್ಣ ಸಂಸ್ಥಾನ. ಅಲ್ಲಿಯ ಗೊಂಜಾಗಾ ಅರಸರ ಶಿಲ್ಪಿ ಪಿಯೆರ್ ಯಾಕೊಪೊ (ಮರಣ 1528) ರೋಮಿನ ಪ್ರಾಚೀನ ಶಿಲಾಪ್ರತಿಮೆಗಳನ್ನು ಹೆಚ್ಚುಕಡಿಮೆ ಮೊಳದೆತ್ತರದ ಕಂಚಿನಲ್ಲಿ ಎರೆದು, ‘ಆಂಟಿಕೊ’ ಎಂದರೆ ಪ್ರಾಚೀನನೆಂದೇ ಹೆಸರಾದನು.

ಇವು ಬರಿಯ ನಕಲುಗಳೆಂಬ ಆಕ್ಷೇಪವುಂಟು. ಅಪೊಲೊ ವಿಗ್ರಹದ ಮಟ್ಟಿಗೆ ಅದನ್ನು ಒಪ್ಪಬಹುದು; ಬಂಗಾರದ ಕೂದಲು, ಬೆಳ್ಳಿಯ ಕಣ್ಣುಗಳಿಂದ ಬೆಳಗುವ ಆ ದೇವನು ಒಡವೆಯಾಗಿಬಿಟ್ಟಿದ್ದಾನೆ. ಹರ್ಕ್ಯುಲೀಸನು ಆಂಟಿಯಸನನ್ನು ನೆಲದಿಂದೆತ್ತಿ ಹಿಸುಕುವ ವಿಗ್ರಹದ ಮಾತೇ ಬೇರೆ. ಅದರ ಮೂಲಶಿಲೆಯು ಬಹಳವಾಗಿ ಭಗ್ನವಾಗಿದ್ದಿತು. ಹಿಂದಿನಿಂದ ಬಿಗಿದ ತೋಳುಗಳಲ್ಲಿ ಉಸಿರಿಗಾಗಿ ಒದ್ದಾಡುವವನ ಸಂಕಟವನ್ನು ಶಿಲ್ಪಿಯು ತಾನೇ ಕಲ್ಪಿಸಿ ಪೂರ್ಣಗೊಳಿಸಬೇಕಾಯಿತು.

ಎರಕದ ವಿದ್ಯೆ ನಮಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದಲ್ಲಿಯೇ ಅದನ್ನು ವಿವರಿಸಿದೆ: ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಕಾಯಿಸಿ, ಮೇಣವು ಹರಿದುಹೋದ ಪೊಳ್ಳಿನಲ್ಲಿ ಲೋಹವನ್ನು ಹೊಯ್ಯುವುದು. ಮೇಣದ ತೂಕಕ್ಕೆ ಬೆಳ್ಳಿ 12 ಪಟ್ಟು, ಬಂಗಾರ 16 ಪಟ್ಟು. ಮೇಣದೊಡನೆ ಮಾದರಿಯೂ ಕರಗಿಹೋಗುವುದರಿಂದ ಅಂತಹ ಮೂರ್ತಿ ಒಂದೇ ಆಗುವುದು.

ಆಂಟಿಕೊ ಮಾದರಿಗಳನ್ನು ಉಳಿಸಿಕೊಂಡನು. ಹಿಂದೆ ಬಿಷಪ್ ಲುಡೊವಿಕೊನಿಗಾಗಿ ಮಾಡಿದವುಗಳಿಂದ ಮತ್ತೆ ಎರೆದುಕೊಡುವೆನೆಂದು 1519ರಲ್ಲಿ ಅರಸಿ ಇಸಬೆಲ್ಲಾಳಿಗೆ ಬರೆದನು. ವಿಯೆನ್ನಾದಲ್ಲಿರುವ ಹರ್ಕ್ಯುಲೀಸನು ಹಾಗೆ ಮರಳಿ ಎರೆದವನೇ. ಪೀಠದ ಅಡಿಯಲ್ಲಿ ಅವಳ ಹೆಸರಿದೆ. ನಕಲನ್ನು ಹಳಿಯುವವರು ಅವನನ್ನು ಯಾವ ಸಾಲಿನಲ್ಲಿ ನಿಲ್ಲಿಸುವರೋ ಕಾಣೆವು.